ಬತ್ತಿ ಇಡದ ಗಾಯ

ಬಹಳ ಬಹಳ ಹಿಂದೆ, ಗಿಡಗಳಿಗೆ ಇನ್ನೂ ಕಿವಿ ಕೇಳಿಸುತ್ತಿದ್ದ ಕಾಲದಲ್ಲಿ, ನೇರಳೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ, ಹೊಕ್ಕುಳೊಂದನ್ನು ಬಿಟ್ಟರೆ, ಯಾರ ಮೈಮೇಲೂ ಒಂದು ಕಲೆ ಇರಲಿಲ್ಲ. ಯುದ್ಧಕ್ಕೆ ಹೋಗಿ ಬಂದ ಸಿಪಾಯಿಯ ಎದೆ ಹಸುಗೂಸಿನ ಕೆನ್ನೆಯ ಹಾಗೆ ನುಣ್ಣಗಿತ್ತು. ಕಮ್ಮಾರನ ಕೈಯಲ್ಲಿ ಒಂದು ಸುಟ್ಟ ಗುರುತು ಸಿಗುತ್ತಿರಲಿಲ್ಲ.

ಇದೆಲ್ಲ ಬೆಳ್ಳುಗುರಯ್ಯನ ಕೈಗುಣ. ಅವನು ಎಲ್ಲಿಂದ ಬಂದನೋ ಯಾರಿಗೂ ಗೊತ್ತಿರಲಿಲ್ಲ. ಹತ್ತು ಬೆರಳಿಗೂ ಬೆಳ್ಳಿಯ ಉಗುರು. ಉಗುರಿನ ತುದಿಯಲ್ಲಿ ಒಂದಿಷ್ಟು ಮುಲಾಮು ತೆಗೆದು ಗಾಯದ ಮೇಲೆ ಎಳೆದರೆ ಸಾಕು, ಒಂದು ಎರಡು ಮೂರು ಅನ್ನುವಷ್ಟರಲ್ಲಿ ಗಾಯ ಮುಚ್ಚಿಹೋಗುತ್ತಿತ್ತು. ನೋವಿಲ್ಲ, ಕಲೆಯಿಲ್ಲ. ಅದಕ್ಕೆ ಬದಲಾಗಿ ಅವನು ಕೇಳುತ್ತಿದ್ದುದು ಒಂದೇ.

"ಈ ಗಾಯ ಹೇಗಾಯಿತು ಅಂತ ಯಾರಿಗೂ ಹೇಳಬಾರದು. ನನಗೂ ಹೇಳಬಾರದು."

ಇಷ್ಟು ಸುಲಭದ ಷರತ್ತಿಗೆ ಯಾರು ತಾನೇ ಬೇಡ ಅಂದಾರು? ಅರಸ ಬಿಜ್ಜರಸನೇ ಎಲ್ಲರಿಗಿಂತ ಮೊದಲು ಒಪ್ಪಿದ್ದ. ಬಿಜ್ಜರಸ ಈಗ ಎಲ್ಲಿದ್ದಾನೆ ಅಂತ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಸಿಂಹಾಸನದ ಮೇಲೆ ಅವನ ಪೇಟ ಇತ್ತು. ಜನ ಆ ಪೇಟಕ್ಕೇ ಕೈಮುಗಿದು ಬರುತ್ತಿದ್ದರು.

ಊರಿನ ಕೊನೆಯ ಮನೆ ಬಾಚವ್ವನದು. ಬಾಚವ್ವ ಸೊಪ್ಪಿನ ರಸದಲ್ಲಿ ಗಾಯ ಮಾಯಿಸುವ ಮುದುಕಿ. ಅವಳ ಮದ್ದು ಉರಿಯುತ್ತಿತ್ತು, ನಾರುತ್ತಿತ್ತು, ಮೇಲಾಗಿ ಇಪ್ಪತ್ತೊಂದು ದಿನ ಹಿಡಿಯುತ್ತಿತ್ತು. ಅವಳು ಗಾಯವನ್ನು ತಟಕ್ಕನೆ ಮುಚ್ಚಲು ಬಿಡುತ್ತಲೇ ಇರಲಿಲ್ಲ. ಹತ್ತಿಯ ಬತ್ತಿಯನ್ನು ರಸದಲ್ಲಿ ಅದ್ದಿ ಗಾಯದ ಬಾಯಿಯಲ್ಲಿಡುತ್ತಿದ್ದಳು. ದಿನಕ್ಕೊಂದು ಹೊಸ ಬತ್ತಿ, ನಿನ್ನೆಯದಕ್ಕಿಂತ ಸಣ್ಣದು. "ಗಾಯ ಅಂದ್ರೆ ಬಾವಿ ಇದ್ದ ಹಾಗೆ ಮಗಾ. ತಳದಿಂದ ತುಂಬ್ಕೊಂಡು ಬರ್ಬೇಕು. ಮೇಲೆ ಹಲಗೆ ಮುಚ್ಚಿಬಿಟ್ರೆ ಬಾವಿ ತುಂಬಿದ ಹಾಗಾಯ್ತಾ?" ಅನ್ನುತ್ತಿದ್ದಳು.

ಬಾಚವ್ವನ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಗಾಯದ ಕತೆ ಕೇಳದೆ ಅವಳು ಒಂದು ಎಲೆಯನ್ನೂ ಕೀಳುತ್ತಿರಲಿಲ್ಲ. ತುಕ್ಕು ಕಬ್ಬಿಣಕ್ಕೆ ಒಂದು ಎಲೆ, ಮುಳ್ಳಿಗೆ ಇನ್ನೊಂದು, ಹಲ್ಲಿಗೆ ಮತ್ತೊಂದು. ಅದೂ ಗಾಯ ಮಾಡಿದವರೇ ಬಂದು ಕತೆ ಹೇಳಬೇಕು. "ಕಬ್ಬಿಣ ಎಷ್ಟು ಒಳಗೆ ಹೋಯ್ತು ಅಂತ ಪೆಟ್ಟು ತಿಂದೋನಿಗೆ ಗೊತ್ತಾಗಲ್ಲ. ಪೆಟ್ಟು ಹಾಕಿದ ಕೈಗೆ ಗೊತ್ತಿರುತ್ತೆ."

ಹಾಗಾಗಿ ಅವಳ ಬಾಗಿಲಿಗೆ ಯಾರೂ ಬರದಾದರು. ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರು. "ಬಾಚವ್ವನ ಮದ್ದಿಗೆ ಗಾಯ ಮಾಯೋ ಹೊತ್ತಿಗೆ ನಮ್ಮ ಮೊಮ್ಮಕ್ಕಳಿಗೆ ಮದುವೆ ಆಗಿರುತ್ತೆ ಕಣೇ!" ಜನ ಬಿಟ್ಟರು, ಆಮೇಲೆ ಗಿಡಗಳೂ ಬಿಟ್ಟವು. ಕೇಳುವವರಿಲ್ಲದ ಊರಿನಲ್ಲಿ ಇರುವುದೇಕೆ ಅಂತ ಒಂದು ಮುಂಜಾನೆ ಹಿತ್ತಲಿನ ಮದ್ದಿನ ಗಿಡಗಳೆಲ್ಲ ಬೇರು ಕಿತ್ತುಕೊಂಡು, ಮಣ್ಣು ಉದುರಿಸುತ್ತ, ಸಾಲಾಗಿ ನಡೆದುಹೋದವು. ಬಾಚವ್ವ ಅವುಗಳ ಹಿಂದೆ ಬೇಲಿಯವರೆಗೆ ಹೋಗಿ ಬೀಳ್ಕೊಟ್ಟು ಬಂದಳು.

ಅಪ್ಪ ಅಮ್ಮ ಇಲ್ಲದ ಇಬ್ಬರು ಮೊಮ್ಮಕ್ಕಳು ಅವಳ ಜೊತೆಗಿದ್ದರು. ದೊಡ್ಡವಳು ಕೇತಲೆ, ಚಿಕ್ಕವನು ಮಾಚ. ಮಾಚನಿಗೆ ಹದಿನೆಂಟು ವರ್ಷ, ಬಾಯಿಗೆ ಬಿಡುವಿಲ್ಲ. ಕೇತಲೆಗೆ ಇಪ್ಪತ್ತು, ಮಾತೇ ಇಲ್ಲ. ಯಾರಾದರೂ ಏನಾದರೂ ಕೇಳಿದರೆ ಅವಳ ಉತ್ತರ ಗಂಟಲಲ್ಲೇ ಕೂತು, ಕೇಳಿದವರು ಎದ್ದುಹೋದ ಮೇಲೆ ಹೊರಗೆ ಬರುತ್ತಿತ್ತು. ಆದರೆ ಅವಳ ಕಣ್ಣು ಎಲ್ಲವನ್ನೂ ನೋಡುತ್ತಿತ್ತು. ಯಾವ ಇರುವೆ ಯಾವ ದಾರಿಯಲ್ಲಿ ಹೋಯಿತು ಅಂತ ಬೇಕಾದರೂ ಹೇಳುತ್ತಿದ್ದಳು, ಯಾರಾದರೂ ಕಾದಿದ್ದರೆ.

ಒಂದು ದಿನ ಅಕ್ಕ ತಮ್ಮ ಇಬ್ಬರೂ ಬಂಡೆಯ ಬಳಿ ಹುಲ್ಲು ಕೊಯ್ಯುತ್ತಿದ್ದರು. ಹಿಂದಿನ ದಿನ ಕೇತಲೆಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹೆಸರು ಕೇಳಿದಾಗ ಅವಳು ತಡವರಿಸಿದ್ದಳು. ಮಾಚ ಬಂಡೆ ಹತ್ತುತ್ತ ಅದನ್ನೇ ಆಡಿ ತೋರಿಸಿದ. "ಏನಮ್ಮಾ ನಿನ್ನ ಹೆಸರು? ಕೇ... ಕೇ... ಕೇಕೇಕೇ! ಅಕ್ಕಾ, ಅವರು ಹೆಣ್ಣು ನೋಡೋಕೆ ಬಂದಿದ್ರೋ ಕೋಳಿ ನೋಡೋಕೋ?"

ಅವನು ಬೆನ್ನು ತಿರುಗಿಸಿ ನಗುತ್ತಿದ್ದ. ಕೇತಲೆಯ ಕೈಯಲ್ಲಿದ್ದ ಕುಡುಗೋಲು ಹಾರಿತು. ಅವನ ಕಾಲಿನ ಮೀನಖಂಡವನ್ನು ಸೀಳಿತು.

ಮಾಚ ಬಿದ್ದ. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ಕೇತಲೆ ಓಡಿಬಂದಳು. ಅಂದು ಮಾತ್ರ ಅವಳ ಗಂಟಲಲ್ಲಿ ಮಾತು ನಿಲ್ಲಲಿಲ್ಲ. "ನೀನು ಜಾರಿದೆ ಕಣೋ. ಕೆಳಗೆ ಕುಡುಗೋಲಿತ್ತು."

ಮಾಚ ನಂಬಿದ. ಅಕ್ಕ ಯಾವತ್ತೂ ಸುಳ್ಳು ಹೇಳಿದವಳಲ್ಲ.

ಮನೆಗೆ ಹೋದರೆ ಅಜ್ಜಿ ಮೊದಲು ಗಾಯದ ಕತೆ ಕೇಳುತ್ತಾಳೆ. ಅವಳ ಕಣ್ಣು ನೋಡಿ ಸುಳ್ಳು ಹೇಳುವುದು ಹೇಗೆ? ಕೇತಲೆ ತಮ್ಮನ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆಯ ದಾರಿ ಬಿಟ್ಟು ಬೆಳ್ಳುಗುರಯ್ಯನ ದಾರಿ ಹಿಡಿದಳು. ಅವನು ಬಾಗಿಲಲ್ಲೇ ಕಾಯುತ್ತಿದ್ದ. ಕೇತಲೆಯ ಮುಖ ನೋಡಿ ಮೆಲ್ಲಗೆ ನಕ್ಕ. ಉಗುರು ಎಳೆದ. ಒಂದು, ಎರಡು, ಮೂರು. ಮೀನಖಂಡ ನುಣ್ಣಗಾಯಿತು.

"ಹೇಳಬಾರದು ತಾಯಿ," ಅಂದ. "ನಿನಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ?"

ಮರುದಿನ ಮಟಮಟ ಮಧ್ಯಾಹ್ನ. ನೆರಳು ಕಾಲಡಿಗೆ ಸೇರಿಕೊಂಡಿದ್ದ ಹೊತ್ತು. ಮಾಚ ಒಲೆಯ ಮುಂದೆ ಕೂತಿದ್ದ. ಸುಟ್ಟ ವಾಸನೆ ಬಂತು. ಕೇತಲೆ ತಿರುಗಿ ನೋಡಿದರೆ ಅವನ ಹೆಬ್ಬೆರಳು ಕೆಂಡದ ಮೇಲಿತ್ತು. ಅವನು ಸುಮ್ಮನೆ ಗೋಡೆ ನೋಡುತ್ತಿದ್ದ.

"ಮಾಚಾ, ಕಾಲು!"

"ಓ," ಅಂದ ಅವನು. ಬೇರೆಯವರ ಕಾಲಿನ ಹಾಗೆ ಅದನ್ನು ಎತ್ತಿ ಪಕ್ಕಕ್ಕಿಟ್ಟ.

ಆಗ ಅವನ ಮೀನಖಂಡದ ಒಳಗಿಂದ ಒಂದು ದನಿ ಬಂತು. ಮಾಚನದೇ ದನಿ, ಆದರೆ ಸಣ್ಣದು. ಗಡಿಗೆಯ ತಳದಲ್ಲಿ ಸಿಕ್ಕಿಕೊಂಡ ಜೀರುಂಡೆಯ ಹಾಗೆ.

"ಅಕ್ಕಾ."

ಮಾಚನ ತುಟಿ ಅಲ್ಲಾಡಿರಲಿಲ್ಲ. ಅವನಿಗೆ ಅದು ಕೇಳಿಸಿಯೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬಾಚವ್ವನಿಗೆ ಕೇಳಿಸಿತು. ಅವಳು ಬಂದು ಮೊಮ್ಮಗನ ಕಾಲಿಗೆ ಕಿವಿ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು.

"ಬತ್ತಿ ಇಡದೆ ಮುಚ್ಚಿದ್ದಾರೆ," ಅಂದಳು ಕೊನೆಗೆ. "ಕೂಗು ಒಳಗೇ ಉಳ್ಕೊಂಡಿದೆ. ಆ ಬೆಳ್ಳುಗುರಿನೋನಿಗೆ ಅದೇ ಊಟ. ಕೆಲವರ ಕೂಗು ವರ್ಷಗಟ್ಟಲೆ ತಡ್ಕೊಳ್ಳುತ್ತೆ, ಇವನದು ತಡ್ಕೊಳ್ಳಲ್ಲ. ಇವತ್ತು ಒಂದು ಸಲ ಕರೀತು. ನಾಳೆ ಎರಡು ಸಲ ಕರೆಯುತ್ತೆ. ನಾಡಿದ್ದು ಮಧ್ಯಾಹ್ನ ಮೂರು ಸಲ ಕರೆದು ಸುಮ್ಮನಾಗುತ್ತೆ. ಆಮೇಲೆ ಮಾಚ ಎದ್ದು ಅವನ ಮನೆಗೆ ಹೋಗ್ತಾನೆ. ಹೋದೋರು ಯಾರೂ ವಾಪಸ್ ಬಂದಿಲ್ಲ."

"ಕ... ಕಟ್ಟಿಹಾಕಿದ್ರೆ?"

"ಕಟ್ಟಿಹಾಕಿದ್ರೆ ಹಗ್ಗದಲ್ಲಿ ಕಾಲು ಬಿಟ್ಟು ಹೋಗ್ತಾರೆ."

ಬಾಚವ್ವ ಮೂರು ತೆಂಗಿನ ಕರಟ ತಂದು ಮೊಮ್ಮಗಳ ಮುಂದಿಟ್ಟಳು. "ಗಾಯ ಮಾಡಿದ ಕಬ್ಬಿಣದಿಂದಲೇ ಅದನ್ನ ತೆರೀಬೇಕು. ತೆರೆಯೋಕೆ ಮುಂಚೆ ಮೂರು ರಸ ಬೇಕು. ರಕ್ತ ನಿಲ್ಲಿಸೋಕೆ ಹೊನ್ನೆ ಮರದ ಕೆಂಪು ರಸ. ಮಾಂಸ ತುಂಬೋಕೆ ಒಂದೆಲಗ. ಚರ್ಮ ಕೂಡಿಸೋಕೆ ಮುಟ್ಟಿದರೆ ಮುನಿ. ಮೂರೂ ಊರು ಬಿಟ್ಟು ಹೋಗಿವೆ, ಹುಡುಕ್ಕೊಂಡು ಹೋಗು. ನನ್ನ ಮಂಡಿ ಅಷ್ಟು ದೂರ ಬರಲ್ಲ. ಕರಟ ತುಂಬಿ ಬರಬೇಕು, ಅರೆಬರೆ ಆದ್ರೆ ಕೆಲಸಕ್ಕೆ ಬರಲ್ಲ." ಆಮೇಲೆ ಕೇಳಿದಳು: "ಗಾಯ ಹೇಗಾಯ್ತು ಕೂಸೇ?"

ಕೇತಲೆ ನೆಲ ನೋಡಿದಳು. "ಜಾರಿಬಿದ್ದ."

ಅಜ್ಜಿ ಅವಳನ್ನೇ ನೋಡಿದಳು. "ಸರಿ. ನಾನು ಕೇಳಿದ್ದಾಯ್ತು. ಗಿಡಗಳೂ ಕೇಳ್ತವೆ."

ಕೇತಲೆ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು, ಕರಟಗಳನ್ನು ಸೆರಗಿಗೆ ಕಟ್ಟಿಕೊಂಡು, ಆಗಲೇ ಹೊರಟಳು. ಬೇಲಿಯಿಂದ ಹೊರಟಿದ್ದ ಗಿಡಗಳ ಹೆಜ್ಜೆ ಇನ್ನೂ ಮಣ್ಣಿನಲ್ಲಿ ಕಾಣುತ್ತಿತ್ತು. ದೊಡ್ಡ ಬೇರಿನ ಹೆಜ್ಜೆ ಹಿಡಿದು ನಡೆದಳು. ಅದು ಹಕ್ಕಿಯ ದನಿಯಿಲ್ಲದ ಒಂದು ಕಾಡಿಗೆ ಹೋಯಿತು.

ಕಾಡಿನ ಬಾಯಲ್ಲಿ ಒಂದು ಕತ್ತೆಕಿರುಬ ಕೂತಿತ್ತು. ಅದರ ಮೈಮೇಲೆ ಒಂದು ಕೂದಲೂ ಇರಲಿಲ್ಲ, ಬೆಣ್ಣೆಯ ಹಾಗೆ ನುಣ್ಣಗಿತ್ತು. ಸುತ್ತ ಮೂಳೆಗಳಿದ್ದವು. ಎಲ್ಲ ತಲೆಬುರುಡೆಗಳ ಬಾಯೂ ತೆರೆದಿರುವುದನ್ನು ಕೇತಲೆ ನೋಡಿದಳು. ಮಾತಾಡುತ್ತ ಮಾತಾಡುತ್ತ ಸತ್ತವರು. ಅವಳು ತುಟಿ ಬಿಗಿದುಕೊಂಡಳು.

ಕತ್ತೆಕಿರುಬ ಬಾವಿಕಟ್ಟೆಯ ಹೆಂಗಸರ ದನಿಯಲ್ಲಿ ಕೇಳಿತು: "ಏನೇ ಕೇತಲೆ, ಮದುವೆ ಗೊತ್ತಾಯ್ತಾ?" ಅವಳು ಮಾತಾಡಲಿಲ್ಲ. ಅಜ್ಜಿಯ ದನಿಯಲ್ಲಿ ಕರೆಯಿತು: "ಮಗಾ, ವಾಪಸ್ ಬಾ, ಮಾಚ ಹುಷಾರಾದ." ಅವಳು ಮಾತಾಡಲಿಲ್ಲ. ಕೊನೆಗೆ ಅವಳ ಕಿವಿಯ ಹತ್ತಿರವೇ ಬಂದು ಮಾಚನ ದನಿಯಲ್ಲಿ ನಕ್ಕಿತು: "ಕೇ... ಕೇ... ಕೇಕೇಕೇ!" ಬಿಸಿಯುಸಿರು ಅವಳ ಕುತ್ತಿಗೆಗೆ ಬಡಿಯಿತು. ಅವಳು ಮಾತಾಡಲಿಲ್ಲ. ಇಪ್ಪತ್ತು ವರ್ಷ ಮಾತು ನುಂಗಿ ಬೆಳೆದವಳಿಗೆ ಅದೇನು ದೊಡ್ಡ ಕೆಲಸ? ಬೇಸತ್ತ ಕತ್ತೆಕಿರುಬ ಆಕಳಿಸಿ ಮಲಗಿತು.

ಕಾಡಿನ ನಡುವೆ ಹೊನ್ನೆ ಮರವಿತ್ತು. ಅವಳು ತೊಗಟೆಗೆ ತುಟಿ ತಾಗಿಸಿ ಗುಟ್ಟಿನಲ್ಲಿ ಕೇಳಿಕೊಂಡಳು.

"ಯಾರ ಗಾಯಕ್ಕೆ?" ಅಂದಿತು ಮರ.

"ನನ್ನ ತಮ್ಮ ಮಾಚನ ಗಾಯಕ್ಕೆ."

"ಯಾರು ಮಾಡಿದ್ದು?"

"ಕುಡುಗೋಲು."

ಮರದ ತೊಗಟೆ ಬಿರಿದು ಕೆಂಪು ರಸ ಜಿನುಗಿತು. ಕರಟದ ಅರ್ಧಕ್ಕೆ ಬಂದು ನಿಂತಿತು. "ಹೇಳಿದ್ದಕ್ಕೆ ಇಷ್ಟು," ಅಂದಿತು.

ಎರಡನೆಯ ಮಧ್ಯಾಹ್ನ, ಕೇತಲೆ ಮನೆಗೆ ಮರಳಿದಾಗ, ದನಿ ಎರಡು ಸಲ ಬಂತು. "ಅಕ್ಕಾ. ಅಕ್ಕಾ, ಉಸಿರು ಕಟ್ತಿದೆ." ಮಾಚ ತಟ್ಟೆಯ ಮುಂದೆ ಕೂತಿದ್ದ. ಅನ್ನ ಕಲಸುತ್ತಿದ್ದ, ತಿನ್ನುತ್ತಿರಲಿಲ್ಲ. ಹಾಡಿಲ್ಲ, ಚೇಷ್ಟೆಯಿಲ್ಲ. ಅವನ ಗಲಾಟೆ ಇಲ್ಲದ ಮನೆ ಎಷ್ಟು ದೊಡ್ಡದು ಅಂತ ಕೇತಲೆಗೆ ಅಂದು ಗೊತ್ತಾಯಿತು.

ಅವಳು ಎರಡನೆಯ ಹೆಜ್ಜೆಯ ಸಾಲು ಹಿಡಿದಳು. ಸಣ್ಣ ಬೇರಿನ, ಒದ್ದೆ ಹೆಜ್ಜೆ. ಅದು ಒಂದು ಪಾಳು ಕೆರೆಗೆ ಹೋಯಿತು. ನೀರು ಹಾಲಿನ ಹಾಗೆ ಬೆಳ್ಳಗಿತ್ತು, ಅದರಲ್ಲಿ ಆಕಾಶ ಕಾಣುತ್ತಿರಲಿಲ್ಲ. ನೀರಿನಂಚಿಗೆ ಇಳಿಯಲು ಒಂಬತ್ತು ಮೆಟ್ಟಿಲು. ಕೊನೆಯ ಮೆಟ್ಟಿಲ ಆಚೆ, ಕೆಸರಿನಲ್ಲಿ, ಒಂದೆಲಗ ಹಬ್ಬಿತ್ತು.

ಕೇತಲೆ ಇಳಿಯಲಿಲ್ಲ. ದಡದಲ್ಲಿ ಕೂತು ನೋಡಿದಳು. ಎಂಟು ಮೆಟ್ಟಿಲ ಮೇಲೆ ಕಪ್ಪೆಗಳು ಕೂತಿದ್ದವು. ಏಳನೆಯದರ ಮೇಲೆ ಒಂದೂ ಇರಲಿಲ್ಲ. ಏಳನೆಯದರ ಮೇಲೆ ಪಾಚಿಯೂ ಇರಲಿಲ್ಲ. ಅವಳು ಒಂದು ಕಲ್ಲು ಎಸೆದಳು. ಏಳನೆಯ ಮೆಟ್ಟಿಲು ಮೆಲ್ಲಗೆ ಕಣ್ಣು ತೆರೆಯಿತು. ಅದು ಮೊಸಳೆ.

"ಕಂಡುಬಿಟ್ಯಾ?" ಅಂದಿತು ಮೊಸಳೆ. "ನೂರಾರು ಜನ ಇಳಿದರು, ಒಬ್ಬರೂ ನೋಡಿರಲಿಲ್ಲ. ಎಲ್ಲರಿಗೂ ಅವಸರ."

ಅವಳು ಆರನೆಯದರಿಂದ ಎಂಟನೆಯದಕ್ಕೆ ಹಾರಿದಳು. ಮೊಸಳೆ ಕಚ್ಚಲಿಲ್ಲ. ಕಂಡವರನ್ನು ಕಚ್ಚುವ ಹಾಗಿಲ್ಲ ಅಂತ ಅದಕ್ಕೆ ಆಣೆಯಿತ್ತು.

"ಯಾರ ಗಾಯಕ್ಕೆ?" ಅಂದಿತು ಒಂದೆಲಗ, ನೂರು ಎಲೆಯಲ್ಲಿ ನೂರು ಸಣ್ಣ ದನಿಯಾಗಿ.

"ನನ್ನ ತಮ್ಮ ಮಾಚನ ಗಾಯಕ್ಕೆ."

"ಕುಡುಗೋಲು ಯಾರ ಕೈಯಲ್ಲಿತ್ತು?"

"ನನ್ನ ಕೈಯಲ್ಲಿ. ಕೈ ಜಾರಿತು."

ಎಲೆಗಳು ಒಂದರ ಮುಖ ಒಂದು ನೋಡಿಕೊಂಡವು. ಅವಳು ಒಂದು ಹಿಡಿ ಕೊಯ್ದು, ಕಲ್ಲಿನ ಮೇಲೆ ಜಜ್ಜಿ, ಹಿಂಡಿದಳು. ಎಷ್ಟು ಹಿಂಡಿದರೂ ರಸ ಕರಟದ ಅರ್ಧ ದಾಟಲಿಲ್ಲ. "ಹೇಳಿದ್ದಕ್ಕೆ ಇಷ್ಟು," ಅಂದವು ಎಲೆಗಳು.

ಮೂರನೆಯ ದಿನ ಕೇತಲೆ ಬೆಳಕು ಹರಿಯುವ ಮೊದಲೇ ಎದ್ದಳು. ಮಾಚ ಎಚ್ಚರವಾಗಿಯೇ ಕೂತಿದ್ದ, ಮೂರು ದಿನದಿಂದ ಅವನು ರೆಪ್ಪೆ ಮುಚ್ಚಿರಲಿಲ್ಲ. ಬಾಚವ್ವ ಬತ್ತಿ ಹೊಸೆಯುತ್ತಿದ್ದಳು. ಎರಡು ಅರ್ಧ ಕರಟಗಳನ್ನು ನೋಡಿ, ಖಾಲಿಯದರ ಜೊತೆ ಅವನ್ನೂ ಮೊಮ್ಮಗಳ ಕೈಗಿತ್ತಳು. "ಹೋಗು. ನಾನೂ ಕೋಲೂರ್ಕೊಂಡು ನಿಧಾನಕ್ಕೆ ಬರ್ತೀನಿ," ಅಂದಳು.

ಕೊನೆಯ ಹೆಜ್ಜೆಯ ಸಾಲು ಮರವಿಲ್ಲದ ಒಂದು ಗುಡ್ಡಕ್ಕೆ ಹೋಯಿತು. ಗುಡ್ಡದ ತುದಿಯಲ್ಲಿ ಬೆಳ್ಳುಗುರಯ್ಯನ ಮನೆಯಿತ್ತು. ಅಂದು ಅವಳು ತಮ್ಮನನ್ನು ಕರೆತಂದದ್ದು ಆಚೆಯ ದಾರಿಯಿಂದ. ಬುಡದಿಂದ ತುದಿಯವರೆಗೆ ಗುಡ್ಡ ತುಂಬ ಮುಟ್ಟಿದರೆ ಮುನಿ ಹಬ್ಬಿತ್ತು. ಕೇತಲೆ ಒಂದು ಹೆಜ್ಜೆ ಇಟ್ಟಳು. ಸರ್ ಅಂತ ಇಡೀ ಗುಡ್ಡ ಮುಚ್ಚಿಕೊಂಡಿತು. ಹಸಿರಿದ್ದಲ್ಲಿ ಬರೀ ಕಡ್ಡಿ, ಮುಳ್ಳು. ಅವಳು ನಿಂತರೆ ತೆರೆಯಿತು. ನಡೆದರೆ ಮುಚ್ಚಿತು. ಒಂದು ದೊಡ್ಡ ಪ್ರಾಣಿ ಉಸಿರಾಡುತ್ತಿದ್ದ ಹಾಗೆ.

"ಅದೂ ನಿನ್ನ ಹಾಗೇ ತಾಯಿ, ಭಾರಿ ಸಂಕೋಚ," ಅಂತ ಹಿಂದಿನಿಂದ ಯಾರೋ ಅಂದರು.

ಬೆಳ್ಳುಗುರಯ್ಯ ಒಂದು ಕಲ್ಲಿನ ಮೇಲೆ ಕೂತಿದ್ದ. ಸೊಂಟದಿಂದ ಮೇಲೆ ಬರಿಮೈ. ಬಿಸಿಲಿದ್ದರೂ ಒಂದು ಹನಿ ಬೆವರಿಲ್ಲ.

"ನಿನ್ನನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತೆ," ಅಂದ ಅವನು. ದನಿ ಬೆಚ್ಚಗಿತ್ತು. "ಹೆಸರು ಹೇಳೋಕೂ ಕಷ್ಟ. ನಾಲ್ಕು ಜನ ಕೂತ ಕಡೆ ನೀರು ಕೇಳೋಕೂ ಕಷ್ಟ. ಈಗ ನೋಡು, ಒಂದು ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡು ಮೂರು ದಿನದಿಂದ ಹೇಗೆ ಒದ್ದಾಡ್ತಿದ್ದೀಯ. ಬಾ ಇಲ್ಲಿ. ತುಟಿಗೆ ಒಂದಿಷ್ಟು ಮುಲಾಮು ಹಚ್ತೀನಿ. ಒಂದು, ಎರಡು, ಮೂರು. ಆಮೇಲೆ ಯಾರೂ ನಿನ್ನನ್ನು ಏನೂ ಕೇಳಲ್ಲ. ನಿನ್ನ ತಮ್ಮನನ್ನೂ ಬಿಟ್ಟುಬಿಡ್ತೀನಿ."

ಬೆಳ್ಳಿಯ ಉಗುರು ಅವಳ ತುಟಿಯ ಹತ್ತಿರ ಬಂತು. ತಣ್ಣಗಿತ್ತು. ನಿಜ ಹೇಳಬೇಕೆಂದರೆ, ಕೇತಲೆಗೆ ಬೇಕು ಅನ್ನಿಸಿತು. ಇನ್ನು ಯಾವತ್ತೂ ಬಾಯಿ ತೆರೆಯಬೇಕಿಲ್ಲ ಅನ್ನುವುದು ಎಂಥ ಸುಖ! ಅವಳು ಕಣ್ಣು ಕೆಳಗೆ ಹಾಕಿದಳು. ಯಾವಾಗಲೂ ಹಾಗೇ ಮಾಡುತ್ತಿದ್ದಳಲ್ಲ.

ಹಾಗಾಗಿ ಅವಳಿಗೆ ಅದು ಕಂಡಿತು. ಅವನಿಗೆ ಹೊಕ್ಕುಳಿರಲಿಲ್ಲ.

ಹುಟ್ಟಿದ ಎಲ್ಲರಿಗೂ ಇರುವ ಆ ಒಂದು ಕಲೆಯನ್ನೂ ಅವನು ಮುಚ್ಚಿಕೊಂಡಿದ್ದ. ಅಂಗೈಯಲ್ಲಿ ಒಂದು ಗೆರೆಯಿಲ್ಲ. ಬೆರಳಿನ ಗಿಣ್ಣಿನಲ್ಲಿ ಒಂದು ಮಡಿಕೆಯಿಲ್ಲ. ಎಲ್ಲಿಂದ ಬಂದ, ಯಾರ ಮಗ, ಯಾವ ಊರು, ಯಾವುದಕ್ಕೂ ಒಂದು ಗುರುತಿಲ್ಲ. ನಾಳೆ ಮಾಚ ಹೀಗಾಗುತ್ತಾನೆ. ನಾನು ಹೀಗಾಗುತ್ತೇನೆ.

ಕೇತಲೆ ಉಗುರನ್ನು ತಳ್ಳಿ ಗುಡ್ಡದ ಕಡೆ ತಿರುಗಿದಳು. ಗಿಡ ಇನ್ನೂ ಏನೂ ಕೇಳಿರಲಿಲ್ಲ.

"ನನ್ನ ತ... ತಮ್ಮ ಮಾಚನ ಗಾಯಕ್ಕೆ!" ಅಂತ ಕೂಗಿದಳು. "ಕುಡುಗೋಲು ನನ್ನ ಕೈಯಲ್ಲಿತ್ತು! ಜಾರಲಿಲ್ಲ. ಎಸೆದೆ! ಸಿಟ್ಟು ಬಂದು ಎಸೆದೆ!"

ಬುಡದಿಂದ ತುದಿಯವರೆಗೆ ಎಲೆಗಳು ತೆರೆದವು. ಆದರೆ ಪೂರ್ತಿಯಾಗಿ ಅಲ್ಲ, ಅರೆಗಣ್ಣಿನ ಹಾಗೆ. ಅವಳು ಕೊಯ್ದಳು, ಜಜ್ಜಿದಳು, ಹಿಂಡಿದಳು. ಅರ್ಧ ಕರಟ.

"ಇನ್ನರ್ಧ?" ಅಂತ ಅತ್ತಳು.

"ಇನ್ನರ್ಧ ನಮಗೆ ಹೇಳಿ ಏನು ಪ್ರಯೋಜನ?" ಅಂದಿತು ಗುಡ್ಡ. "ಗಾಯ ನಮ್ಮದಲ್ಲ."

ಆಗ ನೆರಳು ಕಾಲಡಿಗೆ ಸೇರಿತು. ಕೆಳಗಿನ ದಾರಿಯಿಂದ ಸಣ್ಣ ದನಿ ಕೇಳಿತು. "ಅಕ್ಕಾ. ಅಕ್ಕಾ. ಅಕ್ಕಾ." ಆಮೇಲೆ ಸದ್ದಿಲ್ಲ. ಮಾಚ ಗುಡ್ಡ ಹತ್ತುತ್ತ ಬರುತ್ತಿದ್ದ. ಮುಳ್ಳಿನ ಮೇಲೇ ನಡೆಯುತ್ತಿದ್ದ. ಅಕ್ಕನ ಪಕ್ಕದಲ್ಲೇ ಹಾದುಹೋದ, ತಿರುಗಿ ನೋಡಲಿಲ್ಲ. ಬೆಳ್ಳುಗುರಯ್ಯ ಅವನ ಹಿಂದೆ, ಹಸಿದವನು ಅಡುಗೆಮನೆಗೆ ಹೋಗುವ ಹಾಗೆ, ಅವಸರವಾಗಿ ಹೋದ.

ಕೇತಲೆ ಕರಟಗಳನ್ನು ಎದೆಗವಚಿಕೊಂಡು ಓಡಿದಳು.

ಆ ಮನೆಯೊಳಗೆ ಕಂಬಗಳಿರಲಿಲ್ಲ, ಜನರಿದ್ದರು. ಸಾಲುಸಾಲಾಗಿ, ಕಣ್ಣು ತೆರೆದು, ಕೈ ಇಳಿಬಿಟ್ಟು ನಿಂತಿದ್ದರು. ಮಾಡಿನ ಭಾರ ಅವರ ತಲೆಯ ಮೇಲಿತ್ತು. ಮೊದಲ ಸಾಲಿನಲ್ಲಿ, ಪೇಟವಿಲ್ಲದ ಬೋಳುತಲೆಯಲ್ಲಿ, ಅರಸ ಬಿಜ್ಜರಸ. ಕೊನೆಯ ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಮಾಚ ಅಲ್ಲಿ ಹೋಗಿ ನಿಂತ. ಅವನ ಮುಖ ಕಲ್ಲಾಗುತ್ತ ಬಂತು.

ಹೊಸಿಲ ಬಳಿ ಒಂದು ಅಗ್ಗಿಷ್ಟಿಕೆ ಉರಿಯುತ್ತಿತ್ತು. ಕೇತಲೆ ಕುಡುಗೋಲನ್ನು ಅದರಲ್ಲಿ ಕಾಯಿಸಿದಳು. ತಮ್ಮನ ಕಾಲ ಬಳಿ ಮಂಡಿಯೂರಿದಳು.

"ಹೇಳಬಾರದು!" ಅಂತ ಕಿರುಚಿದ ಬೆಳ್ಳುಗುರಯ್ಯ. ಅವನ ದನಿ ಈಗ ಬೆಚ್ಚಗಿರಲಿಲ್ಲ. "ಹೇಳಿದ್ರೆ ಅವನು ಜೀವಮಾನದಲ್ಲಿ ನಿನ್ನ ಮುಖ ನೋಡಲ್ಲ!"

ಅದೇ ಅವಳ ಭಯ. ಅವಳು ಮಾಚನ ಕಲ್ಲುಮುಖವನ್ನು ನೋಡಿಕೊಂಡೇ ಹೇಳಿದಳು.

"ಮಾಚಾ, ನೀನು ಜಾರಲಿಲ್ಲ. ನಾನು ಎಸೆದೆ. ಸುಮ್ಮನೆ ಎಸೆದದ್ದಲ್ಲ." ಕಾದ ಕುಡುಗೋಲನ್ನು ಬಿಗಿಯಾಗಿ ಹಿಡಿದಳು. "ನಿನಗೆ ತಾಗಲಿ ಅಂತಲೇ ಎಸೆದೆ."

ಮೂರು ಕರಟಗಳೂ ಒಟ್ಟಿಗೇ ತುಂಬಿ ತುಳುಕಿದವು.

ಅವಳು ಗಾಯ ತೆರೆದಳು. ಅದರಿಂದ ಮೊದಲು ರಕ್ತ ಬರಲಿಲ್ಲ, ಕೂಗು ಬಂತು. ಮೂರು ದಿನದ ಕೂಗು. ಮಾಡಿನ ಹೆಂಚುಗಳೆಲ್ಲ ಅದುರಿದವು. ಕೂಗು ಮಾಚನ ಬಾಯಿಗೆ ಸೇರಿಕೊಂಡು ಅವನದೇ ಆಯಿತು.

"ಅಯ್ಯೋ ಅಯ್ಯೋ ಅಯ್ಯಯ್ಯೋ! ನೋವು ಕಣೇ! ನೀನಾ? ನೀನು ಎಸೆದದ್ದಾ? ಮೂರು ದಿನ ಆ ಬಂಡೆಗೆ ಶಾಪ ಹಾಕ್ದೆನಲ್ಲೇ ರಾಕ್ಷಸೀ!"

ಕೇತಲೆ ಅಳುತ್ತ ನಗುತ್ತ ಹೊನ್ನೆಯ ರಸ ಸುರಿದಳು. ರಕ್ತ ನಿಂತಿತು. "ಬಯ್ಯೋ. ಎಷ್ಟು ಬೇಕಾದ್ರೂ ಬಯ್ಯಿ."

"ಬಯ್ತೀನಿ. ತಾಳು, ಮೊದಲು ಉರಿ ಕಡಿಮೆ ಆಗಲಿ." ಹಲ್ಲು ಕಚ್ಚಿ ಮೆಲ್ಲಗೆ ಅಂದ: "ಕೋಳಿ ಅಂದದ್ದು ಜಾಸ್ತಿ ಆಯ್ತು, ಅಲ್ವಾ?"

ಒಂದು ಕೂಗು ಬಿಡುಗಡೆಯಾದದ್ದನ್ನು ಉಳಿದ ಕೂಗುಗಳು ಕೇಳಿಸಿಕೊಂಡವು. ಕಂಬವಾಗಿ ನಿಂತವರ ತೋಳಿನಲ್ಲಿ, ಬೆನ್ನಿನಲ್ಲಿ, ಎದೆಯಲ್ಲಿ ಸಣ್ಣ ದನಿಗಳು ಎದ್ದವು. "ನಾನು... ನನ್ನನ್ನು... ಅವತ್ತು..." ಒಬ್ಬೊಬ್ಬರ ಬಾಯೂ ತೆರೆಯಿತು. ಮುಚ್ಚಿದ ಗಾಯಗಳೆಲ್ಲ ಬಾಯಿ ಬಿಟ್ಟವು. ಬೆಳ್ಳುಗುರಯ್ಯ ಕಿವಿ ಮುಚ್ಚಿಕೊಂಡ. ಆದರೆ ದನಿ ಬರುತ್ತಿದ್ದುದು ಅವನ ಒಳಗಿಂದಲೂ ಹೌದು. ಅವನ ಎದೆಯಿಂದ ಹೊಟ್ಟೆಯವರೆಗೆ ಒಂದು ಗೆರೆ ಮೂಡಿ ಬಿರಿಯಿತು. ಒಳಗೆ ರಕ್ತವಿರಲಿಲ್ಲ, ಮಾಂಸವಿರಲಿಲ್ಲ. ಬರೀ ಗಾಳಿ.

ಆ ಹೊತ್ತಿಗೆ ಬಾಚವ್ವ ಕೋಲೂರಿಕೊಂಡು, ಏದುಸಿರು ಬಿಡುತ್ತ, ಹೊಸಿಲು ದಾಟಿದಳು. ಎಲ್ಲರನ್ನೂ ಒಮ್ಮೆ ನೋಡಿದಳು. ನೇರ ಬೆಳ್ಳುಗುರಯ್ಯನ ಬಳಿಗೆ ಹೋಗಿ, ಅವನ ಮುಂದೆ ಕೂತು, ಸಂಚಿಯಿಂದ ಒಂದು ಬತ್ತಿ ತೆಗೆದಳು.

"ಅಜ್ಜೀ, ಅವನಿಗಾ?" ಅಂದ ಮಾಚ.

"ಗಾಯ ಕಣೋ," ಅಂದಳು ಬಾಚವ್ವ. ಆಮೇಲೆ ಅವನನ್ನು ಕೇಳಿದಳು: "ಹೇಗಾಯ್ತಪ್ಪಾ ಇದು?"

ಬೆಳ್ಳುಗುರಯ್ಯ ಬಾಯಿ ತೆರೆದ. ಮಾತು ಬರಲಿಲ್ಲ.

"ಹೇಗಾಯ್ತಪ್ಪಾ?"

ಅವನ ಕಣ್ಣಲ್ಲಿ ಏನೋ ಹುಡುಕಾಟ ಓಡಾಡಿತು. ಬಹಳ ಹಳೆಯ ಮನೆಯೊಳಗೆ ದೀಪ ಹಿಡಿದು ಹುಡುಕುವವನ ಹಾಗೆ. ಸಿಗಲಿಲ್ಲ. ಮುಚ್ಚಿ ಮುಚ್ಚಿ ಅವನಲ್ಲಿ ಕತೆಯೇ ಉಳಿದಿರಲಿಲ್ಲ.

"ಹೊಕ್ಕುಳೂ ಇಲ್ವಲ್ಲೋ. ಯಾರ ಮಗನಪ್ಪಾ ನೀನು?" ಅಂತ ಬಾಚವ್ವ ಮೂರನೆಯ ಸಲ ಕೇಳಿದಾಗ, ಅವಳ ಮುಂದೆ ಇದ್ದುದು ಬರೀ ಚರ್ಮ, ಹಾವು ಬಿಟ್ಟುಹೋದ ಪೊರೆಯಂಥದ್ದು. ಹತ್ತು ಬೆಳ್ಳಿಯ ಉಗುರು ನೆಲಕ್ಕೆ ಬಿದ್ದು ಠಣ್ ಠಣ್ ಅಂದವು. ಗಾಳಿ ಬಂತು, ಪೊರೆಯನ್ನು ಎತ್ತಿಕೊಂಡು ಹೋಯಿತು.

ಬಾಚವ್ವ ಕೈಯಲ್ಲಿದ್ದ ಬತ್ತಿಯನ್ನೇ ನೋಡುತ್ತ ಕೂತಳು. "ಹೇಳಿದ್ದಿದ್ರೆ ಇಡ್ತಿದ್ದೆ," ಅಂದಳು.

ಅಂದಿನಿಂದ ಇಪ್ಪತ್ತೊಂದು ದಿನ ನೇರಳೆನಾಡಿನಲ್ಲಿ ಯಾರಿಗೂ ಬೇರೆ ಕೆಲಸವಿರಲಿಲ್ಲ. ಬಾಚವ್ವನ ಅಂಗಳದಿಂದ ಅರಮನೆಯವರೆಗೆ ಜನ ಸಾಲುಗಟ್ಟಿ ಕೂತರು. ಕೇತಲೆ ಒಬ್ಬೊಬ್ಬರ ಮುಂದೆ ಕೂತು ಕೇಳಿದಳು. "ಗಾ... ಗಾಯ ಹೇಗಾಯ್ತು?" ಅವಳು ತಡವರಿಸಿದರೆ ಯಾರಿಗೂ ಬೇಸರವಿರಲಿಲ್ಲ, ಹೇಳಬೇಕಾದವರು ಅವಳಿಗಿಂತ ಹೆಚ್ಚು ತಡವರಿಸುತ್ತಿದ್ದರು. ಅತ್ತೆಯೊಬ್ಬಳು ಬಂದು ಸೊಸೆಯ ಗಾಯದ ಕತೆ ಹೇಳಿದಳು. ಸಿಪಾಯಿಯೊಬ್ಬ ಗೆಳೆಯನ ಗಾಯದ ಕತೆ ಹೇಳಿದ. ಅರಸ ಬಿಜ್ಜರಸನ ಸರದಿ ಬಂದಾಗ, ಅವನು ಯಾವ ಮಹಾಯುದ್ಧದ ಕತೆ ಹೇಳುತ್ತಾನೋ ಅಂತ ಎಲ್ಲರೂ ಕಿವಿ ನಿಮಿರಿಸಿದರು. ಅರಸ ಕೆಮ್ಮಿದ. ಆಚೀಚೆ ನೋಡಿದ. "ಪಂಚೆ ಎಡವಿ ಬಿದ್ದೆ. ನನ್ನದೇ ಪಂಚೆ," ಅಂದ. ಆ ನಗು ಏಳು ಬೆಟ್ಟದ ಆಚೆಗೂ ಕೇಳಿಸಿತಂತೆ. ಅರಸನಿಗೂ ನಗು ತಡೆಯಲಾಗಲಿಲ್ಲ.

ಒಂದು ಮುಂಜಾನೆ ಹಿತ್ತಲ ಬೇಲಿಯ ಬಳಿ ಸರಸರ ಸದ್ದಾಯಿತು. ಗಿಡಗಳು ವಾಪಸ್ ಬಂದಿದ್ದವು. ಬೇರು ತೊಳೆದುಕೊಂಡು, ತಮ್ಮತಮ್ಮ ಹಳೆಯ ಗುಣಿಯಲ್ಲಿ ಇಳಿದು ಕೂತವು.

ಇಪ್ಪತ್ತೊಂದನೆಯ ದಿನ ಕೇತಲೆ ತಮ್ಮನ ಕಾಲಿನಿಂದ ಕೊನೆಯ ಬತ್ತಿ ತೆಗೆದಳು. ಅದು ಕೂದಲೆಳೆಯಷ್ಟು ಸಣ್ಣದಿತ್ತು. ಗಾಯ ತಳದಿಂದ ತುಂಬಿ ಬಂದಿತ್ತು. ಮೇಲೆ ಒಂದು ಕಲೆ ಉಳಿಯಿತು, ಕುಡುಗೋಲಿನಂತೆ ಬಾಗಿದ್ದು.

ಮುಂದೆ ಕೇತಲೆಗೆ ಮದುವೆಯಾಯಿತು. ಹೆಸರು ಹೇಳಲು ಅವಳು ತಗೊಂಡಷ್ಟು ಹೊತ್ತೂ ಸುಮ್ಮನೆ ಕಾದ ಹುಡುಗನನ್ನೇ ಅವಳು ಒಪ್ಪಿದ್ದಳು. ಮಾಚ ಮದುವೆಗೆ ಬಂದ ನೆಂಟರಿಗೆಲ್ಲ ಪಂಚೆ ಎತ್ತಿ ಮೀನಖಂಡ ತೋರಿಸುತ್ತ ಮದುಮಗನಿಗೆ ಹೇಳಿದ: "ನಮ್ಮಕ್ಕ ಮಾತಾಡಲ್ಲ ಅಂತ ಹಗುರ ತಿಳ್ಕೋಬೇಡಿ ಭಾವ, ಗುರಿ ತಪ್ಪಲ್ಲ!" ಕೇತಲೆ ಹಸೆಮಣೆಯಿಂದಲೇ ಅವನ ಕಡೆ ಒಂದು ವೀಳ್ಯದೆಲೆ ಎಸೆದಳು. ಅದೂ 'ತಾಗಲಿ' ಅಂತಲೇ ಎಸೆದದ್ದು.

ನೇರಳೆನಾಡಿನ ಜನ ಕಲೆ ಹೊತ್ತುಕೊಂಡು, ಕತೆ ಹೇಳಿಕೊಂಡು, ಸುಖವಾಗಿ ಬಾಳಿದರು. ಹೊನ್ನೆಯ ಮರ ಅಲ್ಲಿ ಇನ್ನೂ ಇದೆ. ತೊಗಟೆಗೆ ತುಟಿ ತಾಗಿಸಿದರೆ ಈಗಲೂ ಕೇಳುತ್ತದೆ, ಯಾರ ಗಾಯಕ್ಕೆ ಅಂತ.